ಕಾರಿನೊಳಗೂ ಮಳೆಯೇ?

ಮಳೆ ಬೇಕಾದರೂ, ಸಾಕಾದರೂ ಜನ ಮೊರೆಹೋಗುವುದು ನಮ್ಮ ಕಿಗ್ಗದ ಋಷ್ಯಶೃಂಗೇಶ್ವರನಿಗೆ. ಆದರೆ ಅಂಗಳದಲ್ಲಿ ನಿಂತ ಹಳೇ ಕಾರಿನೊಳಗಿನ ನೀರಿಗೆ ನಾವೇ ದಾರಿ ಹುಡುಕಬೇಕು! ಹೋದ ಆಷಾಢದಲ್ಲಿ ಮ್ಯಾಟ್ ಎತ್ತಿದರೆ ಪಚಪಚ, ಜೊತೆಗೆ ಮುಗ್ಗಲು ವಾಸನೆ. ರಬ್ಬರ್ ಬೀಡಿಂಗ್ ಹೋಗಿದೆ ಅಂತ ನಾಲ್ಕೂ ಬಾಗಿಲಿಗೆ ಹೊಸದು ಹಾಕಿಸಿದೆವು. ದುಡ್ಡು ಹೋಯಿತು, ನೀರು ಹೋಗಲಿಲ್ಲ.

ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರಿಳಿಯುವುದು ಸಹಜವೇ. ಅದು ಹೊರಹೋಗಲೆಂದೇ ಬಾಗಿಲಿನ ತಳದಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಅಲ್ಲಿ ಕೆಸರು, ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ. ಬಾಗಿಲು ತೆಗೆಯುವಾಗ ಗುಳುಗುಳು ಸದ್ದು ಬಂತೇ? ಇದೇ ಕಾಯಿಲೆ. ಹಿಡಿಸೂಡಿಯ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಸೋರುತ್ತದೆಂದು ಆ ತೂತುಗಳನ್ನು ಮುಚ್ಚಿಸಲು ಮಾತ್ರ ಹೋಗಬೇಡಿ. ವೈಪರ್ ಬುಡದಲ್ಲಿ ಸೇರಿದ ಎಲೆಗಳನ್ನೂ ತೆಗೆಯಿರಿ.

ಆಮೇಲೂ ಸೋರಿದರೆ ಮಕ್ಕಳಲ್ಲೊಬ್ಬರನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರುಮಾಡಿ ನಿಧಾನಕ್ಕೆ ಮೇಲೆ ಹೋದರೆ ಜಾಗ ಸಿಕ್ಕೇ ಸಿಗುತ್ತದೆ. ನಮ್ಮದರಲ್ಲಿ ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯೂ ಹರಿದಿತ್ತು.

ಬಾಗಿಲನ್ನು ಬಡಿದೇ ಹಾಕಬೇಕೆ? ತೆರೆದ ಬಾಗಿಲನ್ನು ತುದಿಯಲ್ಲಿ ಹಿಡಿದು ಮೇಲಕ್ಕೆತ್ತಿ ನೋಡಿ. ಗಡಗಡ ಅಲುಗಿದರೆ ಕೀಲು ಸವೆದಿದೆ ಎಂದರ್ಥ. ಅದಕ್ಕೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಗ್ಯಾರೇಜಿಗೇ ಒಯ್ಯಬೇಕು.