ತರಕಾರಿಯ ಬಣ್ಣ, ಕಣ್ಣಿನ ಬೆಳಕು, ಬೆಳೆಯ ಬಾಳು

ಗಜ್ಜರಿ, ಕುಂಬಳಕಾಯಿ, ಪಪ್ಪಾಯಿ, ಮಾವಿನ ಹಣ್ಣುಗಳ ಬಣ್ಣ ನಮ್ಮ ಕಣ್ಣನ್ನು ಸೆಳೆಯುತ್ತದೆ. ಆ ಬಣ್ಣವೇ ಕಣ್ಣನ್ನು ಕಾಯುವ ವಸ್ತುವೂ ಹೌದು. ಈ ಹಳದಿ, ಕಿತ್ತಳೆ ವರ್ಣದ್ರವ್ಯಗಳಿಗೆ ವಿಜ್ಞಾನಿಗಳು ಕ್ಯಾರೊಟಿನಾಯ್ಡುಗಳೆಂದು ಹೆಸರಿಟ್ಟಿದ್ದಾರೆ. 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಎಂಬ ರಸಾಯನ ವಿಜ್ಞಾನಿ ಗಜ್ಜರಿಯಿಂದ ಇಂಥದೊಂದು ವಸ್ತುವನ್ನು ಬೇರ್ಪಡಿಸಿದನು. ಕ್ಯಾರೆಟ್ಟಿನಿಂದ ದೊರೆತುದರಿಂದ ಅದು ಕ್ಯಾರೊಟಿನ್ ಎನಿಸಿತು. ಅದರ ರಚನೆಯನ್ನು ಬಿಡಿಸಿ ತೋರಿದ ಸ್ವಿಟ್ಜರ್ಲೆಂಡಿನ ಪಾಲ್ ಕಾರರ್‌ಗೆ 1937ರಲ್ಲಿ ನೊಬೆಲ್ ಪುರಸ್ಕಾರದ ಪಾಲು ಸಂದಿತು.

ಈ ವಸ್ತುವನ್ನು ಸಸ್ಯಗಳು ನಮಗಾಗಿ ಸಿದ್ಧಪಡಿಸುವುದಿಲ್ಲ. ತಮ್ಮ ಬಾಳಿಗಾಗಿ ಸಿದ್ಧಪಡಿಸಿಕೊಳ್ಳುತ್ತವೆ. ಎಲೆಯ ಮೇಲೆ ಬೀಳುವ ಬಿಸಿಲು ಅಗತ್ಯಕ್ಕಿಂತ ಹೆಚ್ಚಾದಾಗ ಆ ಹೆಚ್ಚಿನ ಶಕ್ತಿಯನ್ನು ಶಮನಗೊಳಿಸಿ ಎಲೆಯನ್ನು ಕಾಪಾಡುವುದು ಕ್ಯಾರೊಟಿನಾಯ್ಡುಗಳ ಮುಖ್ಯ ಕೆಲಸ. ಆದುದರಿಂದ ಪ್ರತಿಯೊಂದು ಹಸಿರು ಎಲೆಯಲ್ಲಿಯೂ ಅವು ಇದ್ದೇ ಇರುತ್ತವೆ. ಪತ್ರಹರಿತ್ತಿನ ಹಸಿರು ಅವುಗಳನ್ನು ಮರೆಮಾಡಿರುತ್ತದೆ ಅಷ್ಟೆ. ಎಲೆ ಹಣ್ಣಾಗಿ ಹಸಿರು ಕರಗಿದಾಗ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ.

ಒಂದೇ ಸರಪಳಿ, ಹಲವು ತುಂಡು

ಕ್ಯಾರೊಟಿನ್ ಅಣುವು 40 ಇಂಗಾಲದ ಪರಮಾಣುಗಳಿರುವ ಒಂದು ನೀಳವಾದ ಸರಪಳಿ. ಈ ಸರಪಳಿಯನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಕಿಣ್ವಗಳು ನಿರ್ಧರಿಸುತ್ತವೆ. ಕತ್ತರಿಸುವ ಸ್ಥಾನ ಬದಲಾದರೆ ದೊರೆಯುವ ವಸ್ತುವಿನ ಗುಣವೂ ಬದಲಾಗುತ್ತದೆ.

ನಮ್ಮ ಕರುಳಿನಲ್ಲಿರುವ ಕಿಣ್ವವು ಬೀಟಾ ಕ್ಯಾರೊಟಿನನ್ನು ನಟ್ಟನಡುವೆ ತುಂಡರಿಸುತ್ತದೆ. ಆಗ 20 ಇಂಗಾಲದ ಎರಡು ತುಂಡುಗಳು ಉಂಟಾಗುತ್ತವೆ. ಅವೇ ಎ ಜೀವಸತ್ವದ ರೂಪಗಳು. ಕಣ್ಣಿನ ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದ್ರವ್ಯ ಇದರಿಂದಲೇ ರೂಪುಗೊಳ್ಳುತ್ತದೆ. ಇದು ಸಾಲದಾದಾಗ ಮೊದಲು ಕಾಣಿಸಿಕೊಳ್ಳುವುದು ಇರುಳುಗುರುಡು. ಕೊರತೆ ಮುಂದುವರಿದರೆ ಕಣ್ಣು ಒಣಗಿ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಹುಣ್ಣಾಗಿ, ದೃಷ್ಟಿ ಶಾಶ್ವತವಾಗಿ ಹೋಗಬಹುದು. ರೋಗನಿರೋಧಕ ಶಕ್ತಿ ಕುಗ್ಗುವುದರಿಂದ ದಡಾರ, ಅತಿಸಾರಗಳು ಇಂಥ ಮಕ್ಕಳ ಪ್ರಾಣಕ್ಕೇ ಎರವಾಗುತ್ತವೆ. ಈ ಕೊರತೆಯಿಂದ ಕುರುಡಾದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷದೊಳಗೆ ಅಸುನೀಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಸಸ್ಯವು ಇದೇ ಸರಪಳಿಯನ್ನು ಬೇರೆಡೆ ಕತ್ತರಿಸಿ ತನ್ನ ಹಾರ್ಮೋನುಗಳನ್ನು ಪಡೆಯುತ್ತದೆ. 15 ಇಂಗಾಲದ ಅಬ್ಸಿಸಿಕ್ ಆಮ್ಲವು ಅವುಗಳಲ್ಲಿ ಒಂದು. ನೆಲದಲ್ಲಿ ತೇವ ಕಡಿಮೆಯಾದಾಗ ಇದು ಎಲೆಯ ರಂಧ್ರಗಳನ್ನು ಮುಚ್ಚಿಸಿ ನೀರನ್ನು ಉಳಿಸುತ್ತದೆ. ಕಾಳು ತೆನೆಯಲ್ಲಿಯೇ ಮೊಳೆಯದಂತೆ ತಡೆಯುತ್ತದೆ. ತೆನೆಯಲ್ಲಿಯೇ ಮೊಳಕೆಯೊಡೆಯುತ್ತಿದ್ದ ಮೆಕ್ಕೆಜೋಳದ ಒಂದು ಬಗೆಯನ್ನು ಪರೀಕ್ಷಿಸಿ, ಈ ಹಾರ್ಮೋನಿಗಾಗಿ ಕ್ಯಾರೊಟಿನಾಯ್ಡನ್ನು ಕತ್ತರಿಸುವ ಕಿಣ್ವವನ್ನು ಅಮೆರಿಕದ ವಿಜ್ಞಾನಿಗಳು 1997ರಲ್ಲಿ ಗುರುತಿಸಿದರು.

ಸಲೀಂ ಅಲ್-ಬಾಬಿಲಿ ಅವರ ಸಂಶೋಧನೆ

ಈ ಕ್ಷೇತ್ರದಲ್ಲಿ ದೀರ್ಘಕಾಲದಿಂದ ದುಡಿಯುತ್ತಿರುವವರಲ್ಲಿ ಸಸ್ಯ ಜೀವರಸಾಯನ ವಿಜ್ಞಾನಿ ಸಲೀಂ ಅಲ್-ಬಾಬಿಲಿ ಒಬ್ಬರು. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಇವರು ಬಳಿಕ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವನ್ನು ಸೇರಿದರು. ಇಂಗೋ ಪೊಟ್ರಿಕುಸ್ ಮತ್ತು ಪೀಟರ್ ಬೈಯರ್ ಅವರ ನೇತೃತ್ವದಲ್ಲಿ 2000ದಲ್ಲಿ ಪ್ರಕಟವಾದ ‘ಗೋಲ್ಡನ್ ರೈಸ್’ ಸಂಶೋಧನೆಯಲ್ಲಿ ಇವರೂ ಪಾಲುಗಾರರು. ಭತ್ತದ ಎಲೆಯಲ್ಲಿ ಕ್ಯಾರೊಟಿನ್ ಇದ್ದರೂ ನಾವು ಉಣ್ಣುವ ಬಿಳಿಯ ಅಕ್ಕಿಯಲ್ಲಿ ಅದಿಲ್ಲ. ಡ್ಯಾಫೊಡಿಲ್ ಹೂವಿನ ಗಿಡದ ಮತ್ತು ಒಂದು ಬ್ಯಾಕ್ಟೀರಿಯಾದ ಜೀನುಗಳನ್ನು ಸೇರಿಸಿ, ಅಕ್ಕಿಯ ಕಾಳಿನಲ್ಲಿಯೇ ಅದು ಉತ್ಪತ್ತಿಯಾಗುವಂತೆ ಮಾಡಿದುದು ಈ ತಂಡದ ಸಾಧನೆ. ಆಗ ಒಂದು ಗ್ರಾಂ ಅಕ್ಕಿಯಲ್ಲಿ 1.6 ಮೈಕ್ರೊಗ್ರಾಂ ದೊರೆತಿತ್ತು. 2005ರಲ್ಲಿ ಇತರ ಸಂಶೋಧಕರು ಮೆಕ್ಕೆಜೋಳದ ಜೀನನ್ನು ಬಳಸಿ ಅದನ್ನು 37 ಮೈಕ್ರೊಗ್ರಾಂವರೆಗೆ ಏರಿಸಿದರು. ಫಿಲಿಪ್ಪೀನ್ಸ್ ದೇಶವು 2021ರಲ್ಲಿ ಇದರ ಕೃಷಿಗೆ ಒಪ್ಪಿಗೆ ನೀಡಿತಾದರೂ 2024ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದುಪಡಿಸಿತು. ಕುಲಾಂತರಿ ಬೆಳೆಯ ಕುರಿತ ವಾದವಿವಾದ ಇನ್ನೂ ಮುಗಿದಿಲ್ಲ.

ಅಲ್-ಬಾಬಿಲಿ ಅವರ ಮತ್ತೊಂದು ಮಹತ್ವದ ಕೆಲಸ ಸ್ಟ್ರೈಗೊಲ್ಯಾಕ್ಟೋನ್ ಎಂಬ ಹಾರ್ಮೋನುಗಳನ್ನು ಕುರಿತದ್ದು. ಮಣ್ಣಿನಲ್ಲಿ ರಂಜಕ ಸಾಲದಾದಾಗ ಬೇರುಗಳು ಇವುಗಳನ್ನು ಹೆಚ್ಚಾಗಿ ಸ್ರವಿಸುತ್ತವೆ. ಆ ಸುಳಿವನ್ನು ಹಿಡಿದು ಉಪಕಾರಿ ಶಿಲೀಂಧ್ರಗಳು ಬೇರಿನತ್ತ ಸಾಗಿ ಬಂದು ರಂಜಕವನ್ನು ಒದಗಿಸುತ್ತವೆ. ಗಿಡದೊಳಗೆ ಇದೇ ಹಾರ್ಮೋನು ಅತಿಯಾಗಿ ಕವಲೊಡೆಯದಂತೆ ಕಾಯುತ್ತದೆ. ಕ್ಯಾರೊಟಿನನ್ನು ಮೂರು ಕಿಣ್ವಗಳು ಒಂದಾದ ಮೇಲೊಂದರಂತೆ ಮಾರ್ಪಡಿಸಿ ಇದರ ಮೂಲವಸ್ತುವನ್ನು ನಿರ್ಮಿಸುವ ಬಗೆಯನ್ನು ಇವರ ತಂಡ 2012ರಲ್ಲಿ ಬಯಲಿಗೆ ತಂದಿತು. 2019ರಲ್ಲಿ ಝಾಕ್ಸಿನೋನ್ ಎಂಬ ಇನ್ನೊಂದು ತುಂಡು ಭತ್ತದ ಬೇರಿನ ಬೆಳವಣಿಗೆಗೆ ಅವಶ್ಯಕವೆಂದು ತೋರಿಸಿತು.

ಆದರೆ ಬೇರು ಮಿತ್ರನಿಗೆ ಕಳುಹಿಸಿದ ಕರೆಯನ್ನು ಶತ್ರುವೂ ಆಲಿಸುತ್ತಾನೆ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜಗಳು ಧೂಳಿನಷ್ಟು ಸಣ್ಣವು. ಹತ್ತಾರು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿದ್ದು, ಈ ಹಾರ್ಮೋನಿನ ಸುಳಿವು ತಾಗಿದೊಡನೆ ಮೊಳೆತು ಬೆಳೆಯ ಬೇರಿಗೆ ಅಂಟಿ ರಸ ಹೀರುತ್ತವೆ. ಆಫ್ರಿಕಾದ ಜೋಳ, ಸಜ್ಜೆಯ ಹೊಲಗಳಿಗೆ ಇದು ದೊಡ್ಡ ಪಿಡುಗು. ಉತ್ತರ ಕರ್ನಾಟಕದ ಜೋಳ, ಕಬ್ಬಿನ ಹೊಲಗಳಲ್ಲಿಯೂ ಇದರ ಒಂದು ಜಾತಿಯುಂಟು. ಶತ್ರುವಿನ ಈ ಸ್ವಭಾವವನ್ನೇ ಅಸ್ತ್ರವಾಗಿಸಿಕೊಂಡುದು ಸಂಶೋಧಕರ ಜಾಣ್ಮೆ. ಬೆಳೆಯಿಲ್ಲದ ಹೊಲಕ್ಕೆ ಹಾರ್ಮೋನಿನ ಕೃತಕ ರೂಪವನ್ನು ಉಣಿಸಿದರೆ ಕಳೆಯ ಬೀಜ ಮೋಸಹೋಗಿ ಮೊಳೆಯುತ್ತದೆ. ಅಂಟಿಕೊಳ್ಳಲು ಬೇರು ಸಿಗದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಹೊಲಗಳಲ್ಲಿ ಈ ತಂಡ ಹೀಗೆ ಪ್ರಯೋಗ ನಡೆಸಿ ಕಳೆ ಗಣನೀಯವಾಗಿ ತಗ್ಗಿದುದನ್ನು ಕಂಡಿತು.

ನಮ್ಮ ಅಡುಗೆಮನೆಗೆ ಇದರ ತಾತ್ಪರ್ಯ

ಸಿದ್ಧರೂಪದ ಎ ಜೀವಸತ್ವವು ಯಕೃತ್ತು, ಮೊಟ್ಟೆ, ಹಾಲು, ತುಪ್ಪಗಳಲ್ಲಿದೆ. ಸಸ್ಯಾಹಾರಿಗಳಾದ ನಮಗೆ ಹಾಲು ತುಪ್ಪಗಳ ಹೊರತು ಉಳಿದ ಆಧಾರ ಕ್ಯಾರೊಟಿನ್ ಒಂದೇ. ಆದುದರಿಂದ ಕೆಲವು ಸಂಗತಿಗಳನ್ನು ಮನೆಯ ತಾಯಂದಿರೂ ದಾಸೋಹದ ಅಡುಗೆಯವರೂ ಅರಿತಿರುವುದು ಒಳಿತು.

ಮೊದಲನೆಯದಾಗಿ, ಎಲ್ಲ ಬಣ್ಣವೂ ಕ್ಯಾರೊಟಿನ್ ಅಲ್ಲ. ಅರಿಸಿನದ ಹಳದಿ, ಬೀಟ್‌ರೂಟಿನ ಕೆಂಪು ಬೇರೆಯ ವಸ್ತುಗಳು. ಟೊಮೆಟೊದ ಕೆಂಪು ಕ್ಯಾರೊಟಿನಾಯ್ಡೇ ಆದರೂ ಎ ಜೀವಸತ್ವವಾಗಿ ಮಾರ್ಪಡುವುದಿಲ್ಲ. ನುಗ್ಗೆ, ಹರಿವೆ, ಮೆಂತ್ಯೆ, ಪಾಲಕ, ಕರಿಬೇವಿನ ಸೊಪ್ಪುಗಳು, ಗಜ್ಜರಿ, ಹಳದಿ ಕುಂಬಳ, ಪಪ್ಪಾಯಿ, ಮಾವು ಇವು ಕ್ಯಾರೊಟಿನಿನ ಒಳ್ಳೆಯ ಆಕರಗಳು. ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸದೆ ಚಟ್ನಿಪುಡಿಯಾಗಿಸಿ ಉಣ್ಣುವುದು ಲೇಸು.

ಎರಡನೆಯದಾಗಿ, ಕ್ಯಾರೊಟಿನ್ ಕರಗುವುದು ಎಣ್ಣೆ ತುಪ್ಪಗಳಲ್ಲಿ, ನೀರಿನಲ್ಲಲ್ಲ. ಸೊಪ್ಪನ್ನು ಬೇಯಿಸಿ, ಒಂದು ಚಮಚೆ ಎಣ್ಣೆಯ ಒಗ್ಗರಣೆ ಕೊಟ್ಟಾಗ ಅದು ದೇಹಕ್ಕೆ ಹೆಚ್ಚು ಸೇರುತ್ತದೆ. ಆಹಾರದ ಸುಮಾರು 12 ಪಾಲು ಬೀಟಾ ಕ್ಯಾರೊಟಿನಿನಿಂದ ಒಂದು ಪಾಲು ಎ ಜೀವಸತ್ವ ದೊರೆಯುತ್ತದೆಂದು ತಜ್ಞರ ಲೆಕ್ಕ. ಆದುದರಿಂದ ಅಪರೂಪಕ್ಕೊಮ್ಮೆ ತಿಂದರೆ ಸಾಲದು; ದಿನವೂ ಬೇಕು. ಸೊಪ್ಪನ್ನು ಒಣಗಿಸಿಡುವವರು ಬಿಸಿಲಿಗಿಂತ ನೆರಳಿನಲ್ಲಿ ಒಣಗಿಸಬೇಕು.

ಮೂರನೆಯದಾಗಿ, ಗುಳಿಗೆ ತರಕಾರಿಗೆ ಸಮನಲ್ಲ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತು. ಸಿದ್ಧರೂಪದ ಎ ಜೀವಸತ್ವವು ಅತಿಯಾದರೆ ಯಕೃತ್ತಿಗೂ ಗರ್ಭದ ಶಿಶುವಿಗೂ ಹಾನಿ. ವೈದ್ಯರ ಮಾತಿಲ್ಲದೆ ಇಂಥ ಗುಳಿಗೆಗಳನ್ನು ಸೇವಿಸಬಾರದು. ತರಕಾರಿಯ ಕ್ಯಾರೊಟಿನಿಗೆ ಈ ಭಯವಿಲ್ಲ. ಅತಿಯಾಗಿ ತಿಂದರೆ ಅಂಗೈ ಹಳದಿಯಾಗಬಹುದು, ಬಿಟ್ಟರೆ ಮಾಯುತ್ತದೆ.

ಆದರೆ ಮಕ್ಕಳಿಗೆ ಸರ್ಕಾರ ನೀಡುವ ಎ ಜೀವಸತ್ವದ ದ್ರಾವಣವನ್ನು ತಪ್ಪಿಸಬಾರದು. ಕುರುಡುತನವನ್ನು ತಡೆಯಲು ನಮ್ಮ ದೇಶದಲ್ಲಿ ಈ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಒಂಬತ್ತನೆಯ ತಿಂಗಳಲ್ಲಿ ಮೊದಲ ಬಾರಿ, ಆ ಬಳಿಕ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ, ಒಟ್ಟು ಒಂಬತ್ತು ಸಲ ಇದನ್ನು ಕೊಡಲಾಗುತ್ತದೆ. ಸಂಜೆಯ ಮಬ್ಬಿನಲ್ಲಿ ಮಗು ತಡವರಿಸುತ್ತಿದ್ದರೆ, ಎದುರಿನ ತಟ್ಟೆಯನ್ನು ಕೈಯಿಂದ ಹುಡುಕುತ್ತಿದ್ದರೆ, ಹರಕೆ ಹೊತ್ತು ಕಾಲ ಕಳೆಯದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇರುಳುಗುರುಡಿನ ಹಂತದಲ್ಲಿ ಹೋದ ದೃಷ್ಟಿ ಚಿಕಿತ್ಸೆಯಿಂದ ಮರಳುತ್ತದೆ. ಕಣ್ಣಿನ ಪೊರೆ ಕೊಳೆತ ಮೇಲೆ ಮರಳದು. ಮನೆಯ ಹಿತ್ತಿಲಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ ಗಿಡವನ್ನು ನೆಟ್ಟು ಬೆಳೆಸುವುದು ಕಷ್ಟದ ಕೆಲಸವಲ್ಲ. ಬರುವ ಮಳೆಗಾಲದಲ್ಲಿ ಸದ್ಭಕ್ತರು ಅದನ್ನು ಕೈಗೊಳ್ಳಲೆಂದು ಹಾರೈಸುತ್ತೇವೆ.