ಎದೆಹಾಲಿನ ಕಬ್ಬಿಣ ಮಗುವಿಗೆ ಸಾಕೇ?

ಪ್ರಶ್ನೆ: ನನ್ನ ಐದು ತಿಂಗಳ ಮಗು ಎದೆಹಾಲು ಮಾತ್ರ ಕುಡಿಯುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಕಡಿಮೆಯಂತೆ, ನಿಜವೇ?

ಉತ್ತರ: ನಿಜ. ಒಂದು ಲೀಟರ್ ಎದೆಹಾಲಿನಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಆದರೂ ನೀವು ಹೆದರಬೇಕಿಲ್ಲ. ದಿನ ತುಂಬಿ ಹುಟ್ಟಿದ ಮಗು ಗರ್ಭದಲ್ಲೇ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ತಾಯಿಯಿಂದ ಕಬ್ಬಿಣ ಕೂಡಿಟ್ಟುಕೊಂಡು ಬಂದಿರುತ್ತದೆ. ಆ ದಾಸ್ತಾನು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬರುತ್ತದೆ. ಹೆರಿಗೆಯಲ್ಲಿ ಒಂದು ನಿಮಿಷವಾದರೂ ತಡೆದು ಹೊಕ್ಕುಳಬಳ್ಳಿ ಕತ್ತರಿಸಿದ್ದರೆ ಇನ್ನೂ ಒಳ್ಳೆಯದು, ಅಷ್ಟು ರಕ್ತ ಮಗುವಿಗೇ ಸೇರಿರುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಮಾತು ಬೇರೆ. ಅವಕ್ಕೆ ವೈದ್ಯರು ಮೊದಲೇ ಕಬ್ಬಿಣದ ಹನಿ ಬರೆದುಕೊಡುತ್ತಾರೆ.

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಊಟ ಬೇಕೇ ಬೇಕು. ನಮ್ಮ ರಾಗಿ ಸರಿ ಒಳ್ಳೆಯದೇ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಸುಲಭವಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ತಗ್ಗುತ್ತದೆ. ಕಬ್ಬಿಣ ಚೆನ್ನಾಗಿ ಮೈಗೆ ಹತ್ತಲು ಬೆಂದ ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಮಾಂಸ ತಿನ್ನುವ ಮನೆಯಾದರೆ ನುಣ್ಣಗೆ ಬೇಯಿಸಿ, ಅರೆದು ಕೊಡಿ. ಅದರ ಕಬ್ಬಿಣ ಸುಲಭವಾಗಿ ಹೀರಿಕೆಯಾಗುತ್ತದೆ. ಒಂದು ವರ್ಷದವರೆಗೆ ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆರಡು ಬಾರಿ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಯೋಜನೆಯಿದೆ. ಮುಂದಿನ ತಿಂಗಳು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ತಪ್ಪದೆ ಕೇಳಿ ಪಡೆದುಕೊಳ್ಳಿ.