ಪುಟ ಅಲುಗದು, ಒಳಗಿನದು ಬದಲಾಗುವುದು

ಒಂದು ಅಂಕೆಯನ್ನು ತಿದ್ದಬೇಕಾದರೆ ಇಡೀ ಪುಟವನ್ನೇ ಹೊಸದಾಗಿ ಕಟ್ಟಬೇಕೆ? ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಯಾವ ಮುದ್ರಣಾಲಯದವರೂ ಹಾಗೆ ಮಾಡುತ್ತಿರಲಿಲ್ಲ. ತಪ್ಪಿದ ಮೊಳೆಯನ್ನು ಕಿತ್ತು ಸರಿಯಾದುದನ್ನು ಕೂರಿಸಿದರೆ ಕೆಲಸ ಮುಗಿಯಿತು. ಅಂತರ್ಜಾಲದ ಪುಟಗಳಿಗೆ ಮೊದಮೊದಲು ಈ ಸರಳ ಉಪಾಯ ದಕ್ಕಿರಲಿಲ್ಲ.

ಆಗಿನ ಕ್ರಮ ಹೀಗಿತ್ತು: ಓದುಗನು ಗುಂಡಿ ಒತ್ತಿದೊಡನೆ ಬ್ರೌಸರ್ ದೂರದ ಸರ್ವರಿಗೆ ಬೇಡಿಕೆ ಕಳುಹಿಸುವುದು, ಸರ್ವರ್ ತಲೆಯಿಂದ ತಳದವರೆಗಿನ ಪೂರ್ತಿ ಪುಟವನ್ನು ಮರಳಿ ಕಳುಹಿಸುವುದು. ಅಷ್ಟರವರೆಗೆ ಕಾಯುವುದೊಂದೇ ಕೆಲಸ. ದೂರವಾಣಿ ತಂತಿಯ ಮೋಡೆಮಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್ ಹರಿಯುತ್ತಿದ್ದ ದಿನಗಳವು. 100 ಕಿಲೋಬೈಟಿನ ಪುಟ ಬಂದು ಸೇರಲು ಕಡಿಮೆಯೆಂದರೂ 14 ಸೆಕೆಂಡು ಬೇಕು. ಬದಲಾದ 2 ಕಿಲೋಬೈಟನ್ನು ಮಾತ್ರ ತರಿಸಿದರೆ ಅದು ಹರಿದು ಬರಲು ಅರ್ಧ ಸೆಕೆಂಡೂ ಬೇಡ.

ಇದಕ್ಕೆ ದಾರಿಯಾದುದು ಎರಡು ಸಾಧನಗಳಿಂದ. ಬ್ರೌಸರಿನೊಳಗೇ ಓಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪೆನಿಯ ಬ್ರೆಂಡನ್ ಐಕ್ ರೂಪಿಸಿದರು. ಔಟ್‌ಲುಕ್ ಅಂಚೆಯನ್ನು ಬ್ರೌಸರಿನಲ್ಲಿ ಓದಿಸುವುದಕ್ಕಾಗಿ ಮೈಕ್ರೋಸಾಫ್ಟಿನವರು, ಪುಟ ತೆರೆದಿರುವಾಗಲೇ ಹಿನ್ನೆಲೆಯಲ್ಲಿ ಸರ್ವರಿನೊಡನೆ ವ್ಯವಹರಿಸುವ ಇನ್ನೊಂದನ್ನು ಮಾಡಿ, 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಹೊರತಂದರು. ಕ್ರಮೇಣ ಇತರ ಬ್ರೌಸರುಗಳೂ ಅದನ್ನು ಅಳವಡಿಸಿಕೊಂಡವು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಜನರು ಇದರ ಫಲವನ್ನು ಕಣ್ಣಾರೆ ಕಂಡರು. ನಕಾಶೆಯನ್ನು ಎಳೆದಂತೆ ಬೇಕಾದ ಚೌಕಗಳಷ್ಟೇ ಬಂದು ಕೂಡಿಕೊಳ್ಳುತ್ತಿದ್ದವು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ಪದ್ಧತಿಗೆ 'ಅಜಾಕ್ಸ್' ಎಂದು ಹೆಸರಿಟ್ಟರು. ಹೆಸರು ಹೊಸದು, ಕೆಲಸ ಮೊದಲೇ ನಡೆದಿತ್ತು.

ಇದರಿಂದಾದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಳೆದುಕೊಂಡುದೂ ಒಂದಿದೆ. ಪುಟವೆಲ್ಲ ಮರಳಿ ಬರುವಾಗ, ಏನೋ ಬದಲಾಯಿತೆಂಬ ಸೂಚನೆ ತಾನಾಗಿ ದೊರೆಯುತ್ತಿತ್ತು. ಕಣ್ಣು ಕಾಣದವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶವೂ ಹೊಸ ಪುಟವನ್ನು ಮೊದಲಿನಿಂದ ಓದುತ್ತಿತ್ತು. ಈಗ ಟಿಕೆಟು ಕಾದಿರಿಸುವ ಪುಟದ ಮೂಲೆಯಲ್ಲಿ 'ಆಸನ ಉಳಿದಿಲ್ಲ' ಎಂಬ ಸಾಲು ಸದ್ದಿಲ್ಲದೆ ಮೂಡಿದರೆ, ಕಣ್ಣುಳ್ಳವರು ನೋಡಿಯಾರು; ಕಿವಿಯನ್ನೇ ನೆಚ್ಚಿದವರು ತಿಳಿಯುವುದೆಂತು?

ಇದಕ್ಕೂ ಪರಿಹಾರ ಇಲ್ಲದಿಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 2014ರ ಮಾರ್ಚಿನಲ್ಲಿ ಶಿಫಾರಸು ಮಾಡಿದ ನಿಯಮಗಳಂತೆ, ಬದಲಾಗುವ ಭಾಗಕ್ಕೆ ಒಂದು ಗುರುತು ಹಚ್ಚಬಹುದು. 'ಪೊಲೈಟ್' ಎಂದು ಬರೆದರೆ ತಂತ್ರಾಂಶವು ಓದುತ್ತಿರುವುದನ್ನು ಮುಗಿಸಿ ಹೊಸತನ್ನು ತಿಳಿಸುವುದು. 'ಅಸರ್ಟಿವ್' ಎಂದರೆ ನಡುವೆಯೇ ತಡೆದು ಹೇಳುವುದು. ಒಂದೇ ಪದದ ಕೆಲಸ. ಆ ಪದವನ್ನು ಬರೆಯದೆ ಬಿಟ್ಟರೆ, ಆಸನವಿಲ್ಲವೆಂಬುದನ್ನು ತಿಳಿಯದೆಯೇ ಒಬ್ಬರು ಗುಂಡಿ ಒತ್ತುತ್ತ ಕೂರಬೇಕಾಗುತ್ತದೆ.

ಸಂಪರ್ಕ ಕಡಿದಾಗಿನ ಪಾಡು ಎಲ್ಲರಿಗೂ ಒಂದೇ. ಹಿನ್ನೆಲೆಯ ಬೇಡಿಕೆ ವಿಫಲವಾದರೂ ಹಳೆಯ ಅಂಕೆ ಪರದೆಯ ಮೇಲೆ ಹಾಗೆಯೇ ನಿಂತಿರುತ್ತದೆ. ಓದುಗನು ಅದನ್ನೇ ತಾಜಾ ಎಂದು ನಂಬುತ್ತಾನೆ. ಕೊನೆಯ ಬಾರಿ ಎಷ್ಟು ಗಂಟೆಗೆ ಬದಲಾಯಿತು, ಈಗ ಸಂಪರ್ಕವಿದೆಯೆ ಎಂಬುದನ್ನು ಪುಟವೇ ಹೇಳಬೇಕು. ಓದುಗನನ್ನು ಕಾಯಿಸದಿರುವುದು ಒಳ್ಳೆಯದೇ. ಬದಲಾದುದನ್ನೂ ಬದಲಾಗದುದನ್ನೂ ಅವನಿಗೆ ತಿಳಿಸುವುದು ಪುಟ ಕಟ್ಟುವವರ ಕರ್ತವ್ಯ.